ಕದ್ದಾಲಿಕೆಯ ನಷ್ಟ ಯಾರ ಖಾತೆಗೆ?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಸರ್ಕಾರಗಳು ನಡೆಸುವ ವಿದ್ಯುನ್ಮಾನ ಕಣ್ಗಾವಲು ವ್ಯಾಪಾರವನ್ನೂ ಹೂಡಿಕೆಯನ್ನೂ ಹೇಗೆ ತಟ್ಟುತ್ತದೆ ಎಂದು ಓದುಗರು ಕೇಳಿದ್ದಾರೆ. ರಫ್ತು ಕಂಪನಿಯ ಟೆಂಡರ್ ವಿಭಾಗದಲ್ಲಿ ಬಹುಕಾಲ ದುಡಿದ ನನಗೆ ಇದು ದೂರದ ರಾಜಕಾರಣವಲ್ಲ. ಹಾಗಾಗಿ ಕೆಲವು ಉತ್ತರಗಳು ಉದ್ದವಾಗಿವೆ.

ಪ್ರಶ್ನೆ: ವಿದೇಶಿ ತಂತ್ರಜ್ಞಾನ ಕಂಪನಿಗಳಲ್ಲಿ ಹಣ ತೊಡಗಿಸುವ ಮ್ಯೂಚುವಲ್ ಫಂಡ್‌ನಲ್ಲಿ ನನ್ನ ನಿವೃತ್ತಿ ಹಣದ ಒಂದು ಪಾಲು ಇದೆ. ಸರ್ಕಾರಗಳು ಇಂಟರ್ನೆಟ್ ಮೇಲೆ ಕಣ್ಣಿಡುವುದು ಖಾಸಗಿತನಕ್ಕೆ ಸಂಬಂಧಿಸಿದ ವಿಚಾರ ಎಂದು ಎಲ್ಲರೂ ಹೇಳುತ್ತಾರೆ. ಹೂಡಿಕೆದಾರನಾದ ನಾನು ಅದರ ಬಗ್ಗೆ ಏಕೆ ಚಿಂತಿಸಬೇಕು?

ಸಿಸ್ಕೊ ಎಂಬ ಅಮೆರಿಕದ ಕಂಪನಿಯ ಹೆಸರು ನಿಮ್ಮ ಫಂಡ್‌ನ ಪಟ್ಟಿಯಲ್ಲೂ ಇರಬಹುದು. ಇಂಟರ್ನೆಟ್ ಸಂಪರ್ಕ ಸಾಗಲು ಬೇಕಾದ ರೂಟರ್ ಮತ್ತು ಸ್ವಿಚ್‌ಗಳನ್ನು ತಯಾರಿಸುವುದು ಅದರ ಮುಖ್ಯ ವ್ಯವಹಾರ. 2013ರ ಜೂನ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗೆ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ಎಡ್ವರ್ಡ್ ಸ್ನೋಡೆನ್ ಹೊರಗೆಡವಿದ ದಾಖಲೆಗಳು ಪತ್ರಿಕೆಗಳಲ್ಲಿ ಬರತೊಡಗಿದವು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ, ಅಂದರೆ ಎನ್‌ಎಸ್‌ಎ, ಎಷ್ಟು ವ್ಯಾಪಕವಾಗಿ ಕದ್ದು ಕೇಳುತ್ತಿದೆ ಎಂಬುದು ಜಗತ್ತಿಗೆ ತಿಳಿಯಿತು. ಅದೇ ನವೆಂಬರ್‌ನಲ್ಲಿ ಸಿಸ್ಕೊ ತನ್ನ ಮುಂದಿನ ತ್ರೈಮಾಸಿಕದ ವರಮಾನ ಶೇ 8ರಿಂದ 10ರಷ್ಟು ಇಳಿಯಬಹುದು ಎಂದು ಪ್ರಕಟಿಸಿತು. ಮರುದಿನ ಷೇರಿನ ಬೆಲೆ ಶೇ 10ಕ್ಕೂ ಹೆಚ್ಚು ಕುಸಿಯಿತು. ಬ್ರೆಜಿಲ್, ರಷ್ಯಾ, ಚೀನಾಗಳಿಂದ ಬರುವ ಬೇಡಿಕೆ ತೀವ್ರವಾಗಿ ತಗ್ಗಿತ್ತು. ಕುಸಿತಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಕಣ್ಗಾವಲಿನ ಸುದ್ದಿಯಿಂದ ಗ್ರಾಹಕರು, ಮುಖ್ಯವಾಗಿ ಚೀನಾದಲ್ಲಿ, ಹಿಂಜರಿಯುತ್ತಿದ್ದಾರೆ ಎಂಬುದನ್ನು ಕಂಪನಿಯ ಅಧಿಕಾರಿಗಳೇ ಒಪ್ಪಿಕೊಂಡರು.

ಆರು ತಿಂಗಳ ನಂತರ ಇನ್ನೊಂದು ದಾಖಲೆ ಹೊರಬಂತು. ವಿದೇಶಿ ಗ್ರಾಹಕರಿಗೆ ಹೊರಟಿದ್ದ ಉಪಕರಣಗಳನ್ನು ಎನ್‌ಎಸ್‌ಎ ದಾರಿಯಲ್ಲೇ ತಡೆದು, ಗುಪ್ತ ಸ್ಥಳಕ್ಕೆ ಒಯ್ದು, ಪೆಟ್ಟಿಗೆ ಬಿಚ್ಚಿ, ಒಳಗೆ ಕಣ್ಗಾವಲಿನ ಸಾಧನ ಅಳವಡಿಸಿ, ಮೊದಲಿನಂತೆಯೇ ಮುಚ್ಚಿ ಮುಂದಕ್ಕೆ ಕಳುಹಿಸುತ್ತಿತ್ತು ಎಂದು ಅದು ವಿವರಿಸಿತ್ತು. ಜೊತೆಗಿದ್ದ ಚಿತ್ರದಲ್ಲಿ ಸಿಬ್ಬಂದಿ ಬಿಚ್ಚುತ್ತಿದ್ದ ಪೆಟ್ಟಿಗೆಯ ಮೇಲೆ ಸಿಸ್ಕೊ ಹೆಸರಿತ್ತು. ಕಂಪನಿಯ ಮುಖ್ಯಸ್ಥರಾಗಿದ್ದ ಜಾನ್ ಚೇಂಬರ್ಸ್ 2014ರ ಮೇ ತಿಂಗಳಲ್ಲಿ ಅಧ್ಯಕ್ಷ ಬರಾಕ್ ಒಬಾಮ ಅವರಿಗೆ ಪತ್ರ ಬರೆದು, ಹೀಗಾದರೆ ತಮ್ಮ ಉದ್ಯಮದ ಮೇಲಿನ ನಂಬಿಕೆಯೇ ಉಳಿಯುವುದಿಲ್ಲ ಎಂದು ಆಕ್ಷೇಪಿಸಿದರು. ಮರುವರ್ಷ, ಸೂಕ್ಷ್ಮ ಕ್ಷೇತ್ರಗಳ ಗ್ರಾಹಕರಿಗೆ ಕಳುಹಿಸುವ ಸರಕಿನ ಮೇಲೆ ಸಂಬಂಧವೇ ಇಲ್ಲದ ವಿಳಾಸ ಹಾಕಿ ಕಳುಹಿಸುವುದುಂಟು ಎಂದು ಕಂಪನಿಯ ಭದ್ರತಾ ಮುಖ್ಯಸ್ಥರು ತಿಳಿಸಿದರು. ಒಂದು ಬೃಹತ್ ಕಂಪನಿ ತನ್ನದೇ ಸರಕನ್ನು ತನ್ನದೇ ಸರ್ಕಾರದ ಕಣ್ಣು ತಪ್ಪಿಸಿ ಗಿರಾಕಿಗೆ ಮುಟ್ಟಿಸಬೇಕಾಯಿತು. ಸರಕಿನ ಮುದ್ರೆ ಒಡೆಯದೆ ಗಿರಾಕಿಯ ಕೈ ಸೇರಬೇಕು ಎಂಬುದು ರಫ್ತಿನಲ್ಲಿ ಪ್ರತಿಯೊಬ್ಬ ಗುಮಾಸ್ತನಿಗೂ ಗೊತ್ತಿರುವ ಮೊದಲ ನಿಯಮ. ಅದನ್ನು ಒಂದು ಸರ್ಕಾರ ಇಷ್ಟು ಸಲೀಸಾಗಿ ಮುರಿದಿತ್ತು ಎಂಬುದನ್ನು ನಾನು ಈಗಲೂ ಕೋಪವಿಲ್ಲದೆ ಓದಲಾರೆ.

ಚೀನಾದ ಕೇಂದ್ರ ಸರ್ಕಾರದ ಖರೀದಿ ಪಟ್ಟಿಯಲ್ಲಿ 2012ರಲ್ಲಿ ಸಿಸ್ಕೊದ 60 ಉತ್ಪನ್ನಗಳಿದ್ದವು. 2014ರ ಕೊನೆಗೆ ಒಂದೂ ಉಳಿದಿರಲಿಲ್ಲ. ಸ್ವದೇಶಿ ಕಂಪನಿಗಳನ್ನು ಬೆಳೆಸುವ ಆಸೆ ಚೀನಾಕ್ಕೆ ಮೊದಲಿನಿಂದಲೂ ಇತ್ತು ಎಂಬುದು ನಿಜ. ಆದರೆ ಆ ಆಸೆಗೆ ಯಾರೂ ಪ್ರಶ್ನಿಸಲಾಗದ ಕಾರಣವನ್ನು ಒದಗಿಸಿದ್ದು ಎನ್‌ಎಸ್‌ಎ.

ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಇನ್ನೊಂದು ಪ್ರಕರಣ ಐಬಿಎಂನದು. 2013ರ ಅಕ್ಟೋಬರ್‌ನಲ್ಲಿ, ಚೀನಾದಲ್ಲಿ ತನ್ನ ಮಾರಾಟ ಶೇ 22ರಷ್ಟು ಇಳಿದಿದೆ ಎಂದು ಅದು ಪ್ರಕಟಿಸಿತು. ಷೇರು ಬಿತ್ತು. ಡಿಸೆಂಬರ್‌ನಲ್ಲಿ ಒಬ್ಬ ಷೇರುದಾರ ನ್ಯಾಯಾಲಯದ ಮೆಟ್ಟಿಲೇರಿದ. ಎನ್‌ಎಸ್‌ಎ ಜೊತೆಗಿನ ಸಹಕಾರದಿಂದ ಚೀನಾದ ವ್ಯಾಪಾರಕ್ಕೆ ಪೆಟ್ಟು ಬಿದ್ದಿದ್ದರೂ ಕಂಪನಿ ಅದನ್ನು ಹೂಡಿಕೆದಾರರಿಂದ ಮುಚ್ಚಿಟ್ಟಿತು ಎಂಬುದು ಆರೋಪ. ಐಬಿಎಂ ಅದನ್ನು ಸಾರಾಸಗಟಾಗಿ ಅಲ್ಲಗಳೆಯಿತು. ಆರೋಪದ ಸತ್ಯಾಸತ್ಯತೆಗಿಂತ ಆ ಷೇರುದಾರ ಯಾರು ಎಂಬುದು ನಿಮಗೆ ಮುಖ್ಯವಾಗಬೇಕು. ಅದು ಲೂಸಿಯಾನ ರಾಜ್ಯದ ಶೆರಿಫ್‌ಗಳ, ಅಂದರೆ ಪೊಲೀಸರ, ಪಿಂಚಣಿ ನಿಧಿ. ಕಣ್ಗಾವಲಿನ ನಿರ್ಧಾರ ಕೈಗೊಳ್ಳುವಾಗ ಆ ಪೊಲೀಸರನ್ನು ಯಾರೂ ಕೇಳಿರಲಿಲ್ಲ. ನಿಮ್ಮನ್ನೂ ಯಾರೂ ಕೇಳುವುದಿಲ್ಲ. ನಷ್ಟವಾದರೆ ಮಾತ್ರ ಅದು ನಿಮ್ಮ ಖಾತೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಪ್ರಶ್ನೆ: ಹಾಗಾದರೆ ಆ ಕಂಪನಿಗಳೆಲ್ಲ ಮುಳುಗಬೇಕಿತ್ತಲ್ಲವೇ? ಅವು ಮೊದಲಿಗಿಂತ ದೊಡ್ಡದಾಗಿಯೇ ಬೆಳೆದಿವೆ.

ಬೆಳೆದಿವೆ. 2013ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನ ಒಂದು ಚಿಂತನ ಸಂಸ್ಥೆ, ಸ್ನೋಡೆನ್ ದಾಖಲೆಗಳ ಪರಿಣಾಮವಾಗಿ ಅಮೆರಿಕದ ಕ್ಲೌಡ್ ಉದ್ಯಮ, ಅಂದರೆ ಗ್ರಾಹಕರ ದತ್ತಾಂಶವನ್ನು ತನ್ನ ಕಂಪ್ಯೂಟರ್‌ಗಳಲ್ಲಿ ಇಟ್ಟುಕೊಡುವ ಉದ್ಯಮ, ಮೂರು ವರ್ಷಗಳಲ್ಲಿ 2,150 ಕೋಟಿಯಿಂದ 3,500 ಕೋಟಿ ಡಾಲರ್‌ವರೆಗೆ ವಹಿವಾಟು ಕಳೆದುಕೊಳ್ಳಬಹುದು ಎಂದು ಅಂದಾಜಿಸಿತ್ತು. ಆ ಕಂಪನಿಗಳ ಒಟ್ಟು ಬೆಳವಣಿಗೆ ನೋಡಿದರೆ ಅಂಥ ಪೆಟ್ಟಿನ ಗುರುತು ಕಾಣುವುದಿಲ್ಲ. ಖರ್ಚು ಬೇರೆ ರೂಪದಲ್ಲಿ ಬಂತು. ಉದಾಹರಣೆಗೆ ಮೈಕ್ರೊಸಾಫ್ಟ್, ಜರ್ಮನಿಯ ಗ್ರಾಹಕರ ದತ್ತಾಂಶವನ್ನು ಅಲ್ಲಿನದೇ ದೂರಸಂಪರ್ಕ ಕಂಪನಿ ಡಾಯ್ಚ ಟೆಲಿಕಾಂನ ಸುಪರ್ದಿಗೆ ಒಪ್ಪಿಸಿ, ಆ ಕಂಪನಿಯ ಅನುಮತಿ ಇಲ್ಲದೆ ತಾನೂ ಅದನ್ನು ಮುಟ್ಟದಂಥ ವ್ಯವಸ್ಥೆಯೊಂದನ್ನು 2015ರಲ್ಲಿ ಪ್ರಕಟಿಸಿತು. 2018ರಲ್ಲಿ ಅದಕ್ಕೆ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿತು. ಇಂಥ ಖರ್ಚು ಲಾಭನಷ್ಟ ಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ಬರುವುದಿಲ್ಲ. ಬರುವುದಿಲ್ಲವೆಂದು ಅದು ಇಲ್ಲವೆಂದಾಗುವುದಿಲ್ಲ.

ಪ್ರಶ್ನೆ: ವಾಣಿಜ್ಯಶಾಸ್ತ್ರದ ವಿದ್ಯಾರ್ಥಿನಿ ನಾನು. ದೇಶದ ಭದ್ರತೆಗಾಗಿ ನಡೆಸುವ ಬೇಹುಗಾರಿಕೆ ಬೇರೆ, ಕಂಪನಿಗಳ ಲಾಭಕ್ಕಾಗಿ ನಡೆಸುವ ಆರ್ಥಿಕ ಬೇಹುಗಾರಿಕೆ ಬೇರೆ ಎಂದು ಪಾಠದಲ್ಲಿ ಹೇಳಿದರು. ವಾಸ್ತವದಲ್ಲಿ ಈ ಗೆರೆ ಇದೆಯೇ?

ಗೆರೆಯನ್ನು ಎಳೆದವರು ಅಮೆರಿಕದವರು. 2013ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಗುಪ್ತಚರ ನಿರ್ದೇಶಕ ಜೇಮ್ಸ್ ಕ್ಲ್ಯಾಪರ್ ಒಂದು ಹೇಳಿಕೆ ಹೊರಡಿಸಿದರು. ಆರ್ಥಿಕ ವಿಷಯಗಳ ಮೇಲೆ ಕಣ್ಣಿಡುವುದನ್ನು ಅವರು ನಿರಾಕರಿಸಲಿಲ್ಲ. ವಿದೇಶಿ ಕಂಪನಿಗಳ ವ್ಯಾಪಾರ ರಹಸ್ಯಗಳನ್ನು ಅಮೆರಿಕದ ಕಂಪನಿಗಳಿಗಾಗಿ ಕದಿಯುವುದಿಲ್ಲ, ಸಂಗ್ರಹಿಸಿದ ಮಾಹಿತಿಯನ್ನು ಅವುಗಳಿಗೆ ಕೊಡುವುದೂ ಇಲ್ಲ ಎಂದರು. ಗೆರೆಯ ಆಚೆ ಈಚೆ ಏನೇನು ಬೀಳುತ್ತದೆ ನೋಡಿ. ವಿದೇಶಿ ಕಂಪನಿಯ ಮಾತನ್ನು ಕದ್ದು ಕೇಳಬಹುದು. ಕೇಳಿದ್ದನ್ನು ವಾಣಿಜ್ಯ ಸಚಿವಾಲಯಕ್ಕೆ, ವ್ಯಾಪಾರ ಒಪ್ಪಂದದ ಮಾತುಕತೆಗೆ ಹೋಗುವ ನಿಯೋಗಕ್ಕೆ ಕೊಡಬಹುದು. ಸ್ವದೇಶಿ ಕಂಪನಿಗೆ ಮಾತ್ರ ಕೊಡಬಾರದು.

ಅವರ ಕಾನೂನೂ ಇದಕ್ಕೆ ಜಾಗ ಬಿಟ್ಟಿದೆ. ಯಾವುದು ವಿದೇಶಿ ಗುಪ್ತಚರ ಮಾಹಿತಿ ಎಂದು ಹೇಳುವಾಗ ಅಲ್ಲಿನ ಕಣ್ಗಾವಲು ಕಾಯ್ದೆ, ದೇಶದ ವಿದೇಶಾಂಗ ವ್ಯವಹಾರಕ್ಕೆ ಸಂಬಂಧಿಸಿದ ಮಾಹಿತಿಯನ್ನೂ ಸೇರಿಸಿಕೊಳ್ಳುತ್ತದೆ. ವ್ಯಾಪಾರ ವಿದೇಶಾಂಗ ವ್ಯವಹಾರವಲ್ಲ ಎಂದು ಯಾರು ತಾನೆ ಹೇಳಿಯಾರು? ಬ್ರಿಟನ್ ಇನ್ನೂ ಮುಕ್ತವಾಗಿ ಬರೆದುಕೊಂಡಿದೆ. ಅದರ 1994ರ ಗುಪ್ತಚರ ಸೇವೆಗಳ ಕಾಯ್ದೆಯಲ್ಲಿ, ಕದ್ದಾಲಿಸುವ ಸಂಸ್ಥೆಯಾದ ಜಿಸಿಎಚ್‌ಕ್ಯೂ ಕೆಲಸ ಮಾಡಬಹುದಾದ ಉದ್ದೇಶಗಳಲ್ಲಿ ದೇಶದ ಆರ್ಥಿಕ ಕ್ಷೇಮವೂ ಒಂದು. ಫ್ರಾನ್ಸ್‌ನ 2015ರ ಗುಪ್ತಚರ ಕಾನೂನು, ದೇಶದ ಪ್ರಮುಖ ಆರ್ಥಿಕ, ಕೈಗಾರಿಕಾ ಮತ್ತು ವೈಜ್ಞಾನಿಕ ಹಿತಾಸಕ್ತಿಗಳಿಗಾಗಿ ಕಣ್ಗಾವಲು ನಡೆಸಲು ಅವಕಾಶ ಕೊಡುತ್ತದೆ.

ಅದೇ 2015ರ ಜೂನ್‌ನಲ್ಲಿ ಗುಪ್ತ ದಾಖಲೆಗಳನ್ನು ಬಯಲಿಗೆ ತರುವ ವಿಕಿಲೀಕ್ಸ್ ಜಾಲತಾಣ ಪ್ರಕಟಿಸಿದ ಎನ್‌ಎಸ್‌ಎ ದಾಖಲೆಯೊಂದರಲ್ಲಿ, 20 ಕೋಟಿ ಡಾಲರ್‌ಗಿಂತ ದೊಡ್ಡದಾದ ಫ್ರೆಂಚ್ ಕಂಪನಿಗಳ ಗುತ್ತಿಗೆಗಳ ಬಗ್ಗೆ ಮಾಹಿತಿ ಕಲೆಹಾಕಬೇಕೆಂಬ ಸೂಚನೆ ಇತ್ತು. ಟೆಂಡರ್ ವಿಭಾಗದಲ್ಲಿ ಕುಳಿತವರಿಗೆ ಈ ಒಂದು ಸಾಲು ಓದಿದರೆ ಎದೆ ಧಸಕ್ಕೆನ್ನುತ್ತದೆ. ಏಕೆಂದು ಹೇಳುತ್ತೇನೆ. ಒಂದು ದೊಡ್ಡ ಟೆಂಡರ್‌ಗೆ ತಿಂಗಳುಗಟ್ಟಲೆ ಲೆಕ್ಕ ನಡೆಯುತ್ತದೆ. ಕಚ್ಚಾ ಸಾಮಗ್ರಿ, ಸಾಗಣೆ, ವಿಮೆ, ವಿನಿಮಯ ದರದ ಏರಿಳಿತ, ಬ್ಯಾಂಕ್ ಗ್ಯಾರಂಟಿಯ ಖರ್ಚು, ತಡವಾದರೆ ಕಟ್ಟಬೇಕಾದ ದಂಡ ಎಲ್ಲವನ್ನೂ ಕೂಡಿ ಕಳೆದು, ಕೊನೆಗೆ ಲಾಭದ ಪಾಲನ್ನು ಎಷ್ಟಕ್ಕೆ ಇಳಿಸಬಹುದು ಎಂದು ನಾಲ್ಕು ಜನ ಬಾಗಿಲು ಹಾಕಿಕೊಂಡು ತೀರ್ಮಾನಿಸುತ್ತಾರೆ. ಇಷ್ಟೆಲ್ಲ ಶ್ರಮ ಕೊನೆಗೆ ಒಂದೇ ಮೊತ್ತವಾಗಿ ಲಕೋಟೆಯೊಳಗೆ ಹೋಗುತ್ತದೆ. ಎದುರಾಳಿಗೆ ನಮ್ಮ ನಕ್ಷೆ ಬೇಡ, ತಂತ್ರಜ್ಞಾನ ಬೇಡ, ಆ ಮೊತ್ತ ಗೊತ್ತಾದರೆ ಸಾಕು. ಅದಕ್ಕಿಂತ ಸ್ವಲ್ಪ ಕಡಿಮೆ ಬರೆದು ಗೆಲ್ಲುತ್ತಾನೆ. ಸೋತವರಿಗೆ ಏಕೆ ಸೋತೆವೆಂದು ಎಂದಿಗೂ ತಿಳಿಯುವುದಿಲ್ಲ. ತಮ್ಮ ಲೆಕ್ಕವೇ ಸರಿಯಿರಲಿಲ್ಲವೇನೋ ಎಂದುಕೊಂಡು ಮುಂದಿನ ಟೆಂಡರ್‌ಗೆ ಸಿದ್ಧರಾಗುತ್ತಾರೆ.

ಕದ್ದಾಲಿಕೆಯಿಂದ ವ್ಯಾಪಾರ ಕೈ ಬದಲಾಯಿಸಿತೆಂದು ಹೆಚ್ಚು ಚರ್ಚೆಯಾದ ಪ್ರಕರಣ 1994ರದು. ಯುರೋಪಿನ ಸಂಸತ್ತು ಎಷೆಲಾನ್ ಎಂಬ ಕದ್ದಾಲಿಕೆ ಜಾಲದ ಬಗ್ಗೆ 2001ರಲ್ಲಿ ತಯಾರಿಸಿದ ವರದಿಯಲ್ಲಿ, ಪತ್ರಿಕಾ ವರದಿಗಳನ್ನು ಆಧರಿಸಿ ಇದನ್ನು ದಾಖಲಿಸಲಾಗಿದೆ. ಸೌದಿ ಅರೇಬಿಯಾದ ವಿಮಾನಯಾನ ಸಂಸ್ಥೆಗೆ ಏರ್‌ಬಸ್ ವಿಮಾನ ಮಾರುವ ಮಾತುಕತೆ ನಡೆದಿತ್ತು. ಆ ಫೋನ್ ಮತ್ತು ಫ್ಯಾಕ್ಸ್‌ಗಳನ್ನು ಎನ್‌ಎಸ್‌ಎ ಹಿಡಿಯಿತು. ಸೌದಿ ಅಧಿಕಾರಿಗೆ ಲಂಚ ಕೊಡುವ ಪ್ರಸ್ತಾಪ ಅದರಲ್ಲಿತ್ತು. ಕೊನೆಗೆ ಸುಮಾರು 600 ಕೋಟಿ ಡಾಲರ್‌ಗಳ ಆ ವ್ಯಾಪಾರ ಅಮೆರಿಕದ ಕಂಪನಿಗಳ ಪಾಲಾಯಿತು. 2000ನೇ ಇಸವಿಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಮಾಜಿ ನಿರ್ದೇಶಕ ಜೇಮ್ಸ್ ವೂಲ್ಸಿ ಒಂದು ಪತ್ರಿಕಾ ಲೇಖನದಲ್ಲಿ, ಯುರೋಪಿನ ಕಂಪನಿಗಳು ಲಂಚ ಕೊಡುತ್ತವೆ, ಅದಕ್ಕೇ ನಾವು ಅವುಗಳ ಮೇಲೆ ಕಣ್ಣಿಟ್ಟಿದ್ದೆವು ಎಂದು ಬಿಚ್ಚುಮನಸ್ಸಿನಿಂದ ಬರೆದರು.

ಲಂಚದ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಲಂಚ ಕೊಟ್ಟವನ ಎದುರು ಪ್ರಾಮಾಣಿಕವಾಗಿ ಲಕೋಟೆ ಸಲ್ಲಿಸಿ ಸೋಲುವ ಸಂಕಟ ಏನೆಂದು ಆ ಮೇಜಿನ ಮುಂದೆ ಕುಳಿತವರಿಗೆ ಗೊತ್ತು. ಆದರೆ ಲಂಚ ಹಿಡಿಯಲು ಹೂಡಿದ ಕಿವಿ ಲಂಚದ ಮಾತನ್ನಷ್ಟೇ ಆರಿಸಿ ಕೇಳುವುದಿಲ್ಲ. ದರ, ಸಾಲದ ಷರತ್ತು, ಉಪಗುತ್ತಿಗೆದಾರರ ಹೆಸರು ಎಲ್ಲವೂ ಅದೇ ತಂತಿಯಲ್ಲಿ ಹರಿಯುತ್ತವೆ. ಲಂಚವನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ 1997ರ ಲಂಚ ವಿರೋಧಿ ಒಡಂಬಡಿಕೆ ಇರುವುದೇ ಅದಕ್ಕೆ.

ನಿಮ್ಮ ಪಾಠದ ಗೆರೆ ಹಾಗಾದರೆ ಪೂರ್ತಿ ಸುಳ್ಳೇ? ಅಲ್ಲ. ಸರ್ಕಾರ ತಾನು ಕದ್ದು ಕೇಳಿದ್ದನ್ನು ನೇರವಾಗಿ ಒಂದು ಕಂಪನಿಯ ಕೈಗಿಡುವುದಕ್ಕೂ ತನ್ನ ನೀತಿ ನಿರ್ಧಾರಕ್ಕೆ ಬಳಸುವುದಕ್ಕೂ ವ್ಯತ್ಯಾಸ ಇದೆ, ಅದು ಇರಲೇಬೇಕು. ಆ ಗೆರೆಯನ್ನು ಸರ್ಕಾರ ತಾನೇ ಎಳೆದು, ತಾನೇ ಕಾದು, ತಾನೇ ಪ್ರಮಾಣಪತ್ರ ಕೊಟ್ಟುಕೊಳ್ಳುತ್ತದೆ ಎಂಬುದಷ್ಟೇ ನನ್ನ ತಕರಾರು.

ಪ್ರಶ್ನೆ: ಬ್ರೆಜಿಲ್ ಅಮೆರಿಕದ ಯುದ್ಧವಿಮಾನ ಬೇಡವೆಂದದ್ದು ಕದ್ದಾಲಿಕೆಯ ಸಿಟ್ಟಿನಿಂದ ಎಂದು ಓದಿದ ನೆನಪು. ನಿಜವೇ?

ಸಿಟ್ಟು ಒಂದು ಕಾರಣ ಎಂದು ಆಗಿನ ವರದಿಗಳು ಹೇಳಿದವು. ಬೆಲೆ ಮತ್ತು ತಂತ್ರಜ್ಞಾನ ವರ್ಗಾವಣೆ ಎಂಬುದು ಸರ್ಕಾರ ಕೊಟ್ಟ ಕಾರಣ. ನಡೆದದ್ದು ಇಷ್ಟು. 2013ರ ಸೆಪ್ಟೆಂಬರ್‌ನಲ್ಲಿ, ಅಧ್ಯಕ್ಷೆ ದಿಲ್ಮಾ ರೂಸೆಫ್ ಅವರ ಸಂಪರ್ಕಗಳನ್ನೂ ಸರ್ಕಾರಿ ಸ್ವಾಮ್ಯದ ತೈಲ ಕಂಪನಿ ಪೆಟ್ರೊಬ್ರಾಸ್‌ನ ಜಾಲವನ್ನೂ ಎನ್‌ಎಸ್‌ಎ ಗುರಿಮಾಡಿತ್ತು ಎಂದು ಅಲ್ಲಿನ ದೂರದರ್ಶನ ವಾಹಿನಿ ವರದಿ ಮಾಡಿತು. ರೂಸೆಫ್ ಅಮೆರಿಕದ ಅಧಿಕೃತ ಭೇಟಿಯನ್ನು ಮುಂದೂಡಿ, ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಕಟುವಾಗಿ ಮಾತನಾಡಿದರು. ಡಿಸೆಂಬರ್‌ನಲ್ಲಿ 36 ಯುದ್ಧವಿಮಾನಗಳ ಸುಮಾರು 450 ಕೋಟಿ ಡಾಲರ್‌ಗಳ ಗುತ್ತಿಗೆ ಬೋಯಿಂಗ್‌ಗೆ ಸಿಗದೆ ಸ್ವೀಡನ್ನಿನ ಸಾಬ್ ಕಂಪನಿಗೆ ಹೋಯಿತು.

ನನಗೆ ವಿಮಾನಕ್ಕಿಂತ ಪೆಟ್ರೊಬ್ರಾಸ್‌ನದೇ ಚಿಂತೆ. ಲಿಬ್ರಾ ಎಂಬ ಆಳಸಮುದ್ರದ ಬೃಹತ್ ತೈಲಕ್ಷೇತ್ರದ ಹರಾಜು ಅದೇ ಅಕ್ಟೋಬರ್ 21ಕ್ಕೆ ನಿಗದಿಯಾಗಿತ್ತು. ಎಲ್ಲಿ ಎಷ್ಟು ತೈಲವಿದೆ ಎಂಬ ಭೂಗರ್ಭ ಮಾಹಿತಿ ಆ ಕಂಪನಿಯ ಜೀವಾಳ. ಹರಾಜಿಗೆ ಕೆಲವೇ ವಾರಗಳಿರುವಾಗ ಅದರ ಜಾಲದೊಳಗೆ ಹೊರಗಿನವರಿದ್ದರು ಎಂಬ ಸುದ್ದಿ ಬಂದರೆ, ಏನೂ ಕಳವಾಗದಿದ್ದರೂ ಹರಾಜಿನ ಮೇಲೆ ಸಂಶಯದ ನೆರಳು ಬೀಳುತ್ತದೆ. ಹರಾಜಿಗೆ ಬಂದದ್ದು ಒಂದೇ ಕೂಟ. ಅದರಲ್ಲಿ ಪೆಟ್ರೊಬ್ರಾಸ್ ಜೊತೆಗೆ ಶೆಲ್, ಟೋಟಲ್ ಮತ್ತು ಚೀನಾದ ಎರಡು ಕಂಪನಿಗಳಿದ್ದವು. ಅಮೆರಿಕದ ದೊಡ್ಡ ತೈಲ ಕಂಪನಿಗಳು ಭಾಗವಹಿಸಲೇ ಇಲ್ಲ. ಅದಕ್ಕೆ ಹರಾಜಿನ ಷರತ್ತುಗಳೂ ಕಾರಣವೆಂದು ಹೇಳಲಾಯಿತು.

ಪ್ರಶ್ನೆ: ಅಮೆರಿಕವನ್ನಷ್ಟೇ ದೂರುತ್ತೀರಿ. ಚೀನಾ ಮಾಡುವುದು ಕಡಿಮೆಯೇ?

ಕಡಿಮೆಯಲ್ಲ. 2014ರ ಮೇ 19ರಂದು ಅಮೆರಿಕದ ನ್ಯಾಯಾಂಗ ಇಲಾಖೆ ಚೀನಾ ಸೇನೆಯ ಐವರು ಅಧಿಕಾರಿಗಳ ಮೇಲೆ ದೋಷಾರೋಪ ಹೊರಿಸಿತು. ಶಾಂಘೈನ 61398 ಎಂಬ ಘಟಕದವರು ಅವರು. ವೆಸ್ಟಿಂಗ್‌ಹೌಸ್, ಯುಎಸ್ ಸ್ಟೀಲ್, ಅಲ್ಕೋವ ಮುಂತಾದ ಕಂಪನಿಗಳ ಜಾಲಗಳಿಗೆ ನುಗ್ಗಿದ ಆರೋಪ ಅದರಲ್ಲಿದೆ. ಸೌರಫಲಕ ತಯಾರಿಸುವ ಸೋಲಾರ್‌ವರ್ಲ್ಡ್‌ನಿಂದ ಉತ್ಪಾದನಾ ವೆಚ್ಚದ ವಿವರಗಳ ಜೊತೆಗೆ, ಚೀನಾದ ಅಗ್ಗದ ಆಮದಿನ ವಿರುದ್ಧ ಅದು ಹೂಡಿದ್ದ ವ್ಯಾಪಾರ ಮೊಕದ್ದಮೆಯಲ್ಲಿ ತನ್ನ ವಕೀಲರೊಂದಿಗೆ ನಡೆಸಿದ ಪತ್ರವ್ಯವಹಾರವನ್ನೂ ಕದ್ದರು ಎಂದು ಆರೋಪಪಟ್ಟಿ ಹೇಳುತ್ತದೆ. ನ್ಯಾಯ ಕೇಳಲು ಹೋದವನ ವಕೀಲನ ಕಡತವನ್ನೇ ಎತ್ತಿಕೊಂಡು ಹೋದಂತೆ. ಚೀನಾ ಎಲ್ಲವನ್ನೂ ನಿರಾಕರಿಸಿತು. ವಿಚಾರಣೆ ನಡೆಯಲಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಒಬಾಮ ಮತ್ತು ಷಿ ಜಿನ್‌ಪಿಂಗ್, ವಾಣಿಜ್ಯ ಲಾಭಕ್ಕಾಗಿ ಬೌದ್ಧಿಕ ಆಸ್ತಿಯನ್ನು ಸೈಬರ್ ದಾರಿಯಲ್ಲಿ ಕದಿಯುವುದಿಲ್ಲ, ಕದಿಯುವವರನ್ನು ಬೆಂಬಲಿಸುವುದಿಲ್ಲ ಎಂದು ಒಪ್ಪಿಕೊಂಡರು. 2018ರ ಡಿಸೆಂಬರ್‌ನಲ್ಲಿ ಅಮೆರಿಕ ಮತ್ತೆ ಇಬ್ಬರು ಚೀನೀಯರ ಮೇಲೆ ದೋಷಾರೋಪ ಹೊರಿಸಿ, ಚೀನಾ ಒಪ್ಪಂದವನ್ನು ಮುರಿದಿದೆ ಎಂದಿತು.

ಹೂಡಿಕೆದಾರರು ತಿಳಿದಿರಲೇಬೇಕಾದ ಇನ್ನೊಂದು ಪ್ರಕರಣವಿದೆ. ಅದನ್ನು ಸರ್ಕಾರ ಮಾಡಿಸಿತೆಂದು ನ್ಯಾಯಾಲಯ ಹೇಳಿಲ್ಲ, ಅದು ಒಂದು ಕಂಪನಿ ಇನ್ನೊಂದಕ್ಕೆ ಮಾಡಿದ ಕಳ್ಳತನ. ಅಮೆರಿಕನ್ ಸೂಪರ್‌ಕಂಡಕ್ಟರ್ ಎಂಬ ಕಂಪನಿ ಗಾಳಿಯಂತ್ರಗಳನ್ನು ನಿಯಂತ್ರಿಸುವ ತಂತ್ರಾಂಶ ಮಾಡುತ್ತಿತ್ತು. ಅದರ ಅತಿ ದೊಡ್ಡ ಗಿರಾಕಿ ಚೀನಾದ ಸಿನೊವೆಲ್. 2011ರ ಮಾರ್ಚ್‌ನಲ್ಲಿ, ಆಸ್ಟ್ರಿಯಾದ ಅಂಗಸಂಸ್ಥೆಯಲ್ಲಿದ್ದ ಒಬ್ಬ ಎಂಜಿನಿಯರನನ್ನು ಬುಟ್ಟಿಗೆ ಹಾಕಿಕೊಂಡು ಸಿನೊವೆಲ್ ಆ ತಂತ್ರಾಂಶದ ಸೋರ್ಸ್ ಕೋಡ್, ಅಂದರೆ ಮೂಲ ಬರಹ, ಪಡೆಯಿತು. ಆಗಲೇ ಪಡೆದ ಸರಕಿಗೆ 10 ಕೋಟಿ ಡಾಲರ್‌ಗೂ ಹೆಚ್ಚು ಬಾಕಿ ಇತ್ತು, ಇನ್ನೂ 70 ಕೋಟಿ ಡಾಲರ್‌ಗೂ ಮೀರಿದ ಸರಕು ಕೊಳ್ಳುವ ಒಪ್ಪಂದವಿತ್ತು. ಎರಡನ್ನೂ ನಿಲ್ಲಿಸಿಬಿಟ್ಟಿತು. ಕಂಪನಿಯ ಷೇರು ಮೌಲ್ಯದಲ್ಲಿ 100 ಕೋಟಿ ಡಾಲರ್‌ಗೂ ಹೆಚ್ಚು ಕರಗಿತು. ಸುಮಾರು 700 ಮಂದಿ, ಅಂದರೆ ಅರ್ಧಕ್ಕಿಂತ ಹೆಚ್ಚು ನೌಕರರು, ಕೆಲಸ ಕಳೆದುಕೊಂಡರು. 2018ರಲ್ಲಿ ಸಿನೊವೆಲ್ ತಪ್ಪಿತಸ್ಥ ಎಂದು ಸಾಬೀತಾಯಿತು. ದಂಡ 15 ಲಕ್ಷ ಡಾಲರ್, ಪರಿಹಾರ 5.75 ಕೋಟಿ ಡಾಲರ್. ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಏಳು ವರ್ಷಗಳ ನಂತರ ಬಂದ ಪರಿಹಾರ, ಕರಗಿದ ಷೇರು ಮೌಲ್ಯದ ಹದಿನೈದನೇ ಒಂದು ಪಾಲಿಗಿಂತಲೂ ಕಡಿಮೆ. ಮನೆಗೆ ಹೋದ ನೌಕರರ ಹೆಸರು ಯಾವ ಲೆಕ್ಕದಲ್ಲೂ ಇಲ್ಲ.

ಪ್ರಶ್ನೆ: ಎಲ್ಲ ದೇಶಗಳೂ ಮಾಡುತ್ತವೆ ಎಂದ ಮೇಲೆ ಈ ಗೊಣಗಾಟ ಏಕೆ?

ಎಲ್ಲರೂ ಮಾಡುತ್ತಾರೆಂದು ನಷ್ಟ ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಸಮುದ್ರದಡಿಯ ಕೇಬಲ್‌ಗಳು ಯಾರ ತೀರಕ್ಕೆ ತಾಗುತ್ತವೋ, ಜಗತ್ತಿನ ಮಿಂಚಂಚೆ ಯಾರ ಸರ್ವರ್‌ಗಳಲ್ಲಿ ಕೂತಿದೆಯೋ ಅವರಿಗೆ ಕೇಳಿಸುವುದು ಹೆಚ್ಚು. ಸಣ್ಣ ದೇಶದ ಸಣ್ಣ ಕಂಪನಿಗೆ ಗುಪ್ತಚರ ಸಂಸ್ಥೆಯ ಬೆಂಬಲವೂ ಇಲ್ಲ, ಗೂಢಲಿಪಿ ತಜ್ಞರನ್ನು ಇಟ್ಟುಕೊಳ್ಳುವ ಶಕ್ತಿಯೂ ಇಲ್ಲ.

ಪ್ರಶ್ನೆ: ತಟಸ್ಥ ದೇಶದಲ್ಲಿ ತಯಾರಾದ ಭದ್ರತಾ ಉಪಕರಣ ಕೊಂಡರೆ ನಿಶ್ಚಿಂತೆಯಿಂದ ಇರಬಹುದೇ?

ಸ್ವಿಟ್ಜರ್ಲೆಂಡಿನ ಕ್ರಿಪ್ಟೊ ಎಜಿ ಕಂಪನಿಯಿಂದ ಗೂಢಲಿಪಿ ಯಂತ್ರ ಕೊಂಡ 120ಕ್ಕೂ ಹೆಚ್ಚು ದೇಶಗಳು ಹಾಗೆಯೇ ನಂಬಿದ್ದವು. ಆ ಕಂಪನಿ 1970ರಿಂದ ಸಿಐಎ ಮತ್ತು ಆಗಿನ ಪಶ್ಚಿಮ ಜರ್ಮನಿಯ ಗುಪ್ತಚರ ಸಂಸ್ಥೆಯ ಜಂಟಿ ಒಡೆತನದಲ್ಲಿತ್ತು, ಯಂತ್ರಗಳನ್ನು ಸುಲಭವಾಗಿ ಭೇದಿಸುವಂತೆ ತಯಾರಿಸಲಾಗುತ್ತಿತ್ತು ಎಂಬುದು 2020ರ ಫೆಬ್ರುವರಿಯಲ್ಲಿ ಹೊರಬಿತ್ತು. ಜರ್ಮನರು 1990ರ ದಶಕದ ಆರಂಭದಲ್ಲಿ ಹೊರನಡೆದರು, ಸಿಐಎ 2018ರವರೆಗೂ ಮುಂದುವರಿಸಿತು.

ಈ ಕಥೆಯಲ್ಲಿ ನನ್ನನ್ನು ಬಿಡದೆ ಕಾಡುವವನು ಆ ಕಂಪನಿಯ ಒಬ್ಬ ಮಾರಾಟಗಾರ. 1992ರಲ್ಲಿ ಇರಾನ್ ಅವನನ್ನು ಗೂಢಚಾರನೆಂದು ಬಂಧಿಸಿ ಒಂಬತ್ತು ತಿಂಗಳು ಸೆರೆಯಲ್ಲಿಟ್ಟಿತು. ತಾನು ಮಾರುತ್ತಿದ್ದ ಯಂತ್ರದೊಳಗೆ ಏನಿದೆ ಎಂಬುದು ಅವನಿಗೇ ತಿಳಿದಿರಲಿಲ್ಲ. ಕಂಪನಿ 10 ಲಕ್ಷ ಡಾಲರ್ ಕೊಟ್ಟು ಬಿಡಿಸಿಕೊಂಡು ಬಂತು, ನಂತರ ಕೆಲಸದಿಂದ ತೆಗೆದು ಆ ಹಣವನ್ನು ಹಿಂದಿರುಗಿಸು ಎಂದು ಕೇಳಿತು. ಸರಕಿನ ಗುಣದ ಬಗ್ಗೆ ಗಿರಾಕಿಯ ಮುಂದೆ ಪ್ರಾಮಾಣಿಕವಾಗಿ ಮಾತು ಕೊಡುವವನಿಗೆ ಇದಕ್ಕಿಂತ ದೊಡ್ಡ ದ್ರೋಹ ನನಗೆ ಗೊತ್ತಿಲ್ಲ.

ಆದ್ದರಿಂದ ದೇಶದ ಹೆಸರು ನೋಡಿ ಕೊಳ್ಳಬೇಡಿ. ಹೊರಗಿನ ತಜ್ಞರು ಪರೀಕ್ಷಿಸಬಹುದಾದ, ಸೋರ್ಸ್ ಕೋಡ್ ತೆರೆದಿಟ್ಟಿರುವ ವ್ಯವಸ್ಥೆಗಳು ಇದ್ದುದರಲ್ಲಿ ಮೇಲು.

ಪ್ರಶ್ನೆ: ವ್ಯಾಪಾರ ಒಪ್ಪಂದಗಳ ಮೇಲೆ ಇದರ ಪರಿಣಾಮ ಆಗಿದೆಯೇ?

ಅಮೆರಿಕ ಮತ್ತು ಯುರೋಪಿನ ನಡುವಿನ ಬೃಹತ್ ವ್ಯಾಪಾರ ಒಪ್ಪಂದದ ಮೊದಲ ಸುತ್ತು 2013ರ ಜುಲೈ 8ರಂದು ಆರಂಭವಾಯಿತು. ಅದಕ್ಕೆ ಒಂದು ವಾರದ ಹಿಂದಷ್ಟೇ, ವಾಷಿಂಗ್ಟನ್ ಮತ್ತು ನ್ಯೂಯಾರ್ಕ್‌ಗಳಲ್ಲಿನ ಯುರೋಪಿಯನ್ ಒಕ್ಕೂಟದ ಕಚೇರಿಗಳಲ್ಲೇ ಎನ್‌ಎಸ್‌ಎ ಕದ್ದಾಲಿಕೆ ನಡೆಸಿತ್ತು ಎಂದು ಜರ್ಮನ್ ಪತ್ರಿಕೆಯೊಂದು ಬರೆದಿತ್ತು. ಮಾತುಕತೆ ಮುರಿಯಲಿಲ್ಲ. ಮೂರು ವರ್ಷ ನಡೆದು, ಬೇರೆ ಬೇರೆ ಕಾರಣಗಳಿಂದ ನಿಂತುಹೋಯಿತು.

ನಿಜವಾದ ಪೆಟ್ಟು ಬಿದ್ದದ್ದು ದತ್ತಾಂಶ ಸಾಗಣೆಗೆ. ಆಸ್ಟ್ರಿಯಾದಲ್ಲಿ ಆಗ ಕಾನೂನು ಓದುತ್ತಿದ್ದ ಮ್ಯಾಕ್ಸ್ ಶ್ರೆಮ್ಸ್ ಎಂಬ ಯುವಕ, ಫೇಸ್‌ಬುಕ್ ತನ್ನ ಮಾಹಿತಿಯನ್ನು ಅಮೆರಿಕಕ್ಕೆ ಒಯ್ದರೆ ಅದಕ್ಕೆ ಅಲ್ಲಿನ ಕಣ್ಗಾವಲಿನಿಂದ ರಕ್ಷಣೆ ಇಲ್ಲ ಎಂದು 2013ರಲ್ಲಿ ದೂರಿದರು. ಆ ದೂರು ಯುರೋಪಿನ ನ್ಯಾಯಾಲಯಕ್ಕೆ ಹೋಯಿತು. ಯುರೋಪಿನ ದತ್ತಾಂಶವನ್ನು ಅಮೆರಿಕಕ್ಕೆ ಒಯ್ಯಲು 4,000ಕ್ಕೂ ಹೆಚ್ಚು ಕಂಪನಿಗಳು ನೆಚ್ಚಿಕೊಂಡಿದ್ದ ಸೇಫ್ ಹಾರ್ಬರ್ ವ್ಯವಸ್ಥೆಯನ್ನು ನ್ಯಾಯಾಲಯ 2015ರ ಅಕ್ಟೋಬರ್ 6ರಂದು ರದ್ದುಮಾಡಿತು. ಅದರ ಬದಲಿಗೆ ಬಂದ ಪ್ರೈವಸಿ ಶೀಲ್ಡ್ ವ್ಯವಸ್ಥೆಯೂ 2020ರ ಜುಲೈ 16ರಂದು ಬಿದ್ದುಹೋಯಿತು. ಈಗಿರುವ ಮೂರನೆಯ ವ್ಯವಸ್ಥೆ 2023ರ ಜುಲೈನಲ್ಲಿ ಜಾರಿಗೆ ಬಂದದ್ದು. ಅದಕ್ಕೆ ಎರಡು ತಿಂಗಳ ಮೊದಲು, ದತ್ತಾಂಶವನ್ನು ಅಮೆರಿಕಕ್ಕೆ ಸಾಗಿಸಿದ್ದಕ್ಕಾಗಿ ಐರ್ಲೆಂಡಿನ ನಿಯಂತ್ರಕರು ಫೇಸ್‌ಬುಕ್‌ನ ಒಡೆತನವಿರುವ ಮೆಟಾ ಕಂಪನಿಗೆ 120 ಕೋಟಿ ಯೂರೊ ದಂಡ ವಿಧಿಸಿದ್ದರು. ಈ ದಂಡದ ಬೇರು ಅಮೆರಿಕದ ಕಣ್ಗಾವಲು ಕಾನೂನಿನಲ್ಲಿದೆ. ಕಾನೂನು ಮಾಡಿದ್ದು ಸರ್ಕಾರ, ಅದನ್ನು ಗಾಳಿಗೆ ತೂರಿ ಯುರೋಪಿಗೆ ರಕ್ಷಣೆ ಕೊಡುವ ಅಧಿಕಾರ ಕಂಪನಿಗಿಲ್ಲ, ದಂಡ ಕಟ್ಟಬೇಕಾದದ್ದು ಷೇರುದಾರರ ಹಣದಿಂದ. ಮೆಟಾದ ಬಗ್ಗೆ ನನಗೆ ವಿಶೇಷ ಪ್ರೀತಿ ಇಲ್ಲ. ಆದರೆ ಈ ಲೆಕ್ಕ ನ್ಯಾಯವಾದದ್ದಲ್ಲ.

ಪ್ರಶ್ನೆ: ರಫ್ತು ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದೇನೆ. ಬೇರೆ ದೇಶಕ್ಕೆ ಟೆಂಡರ್ ಕೆಲಸಕ್ಕೆ ಹೋಗುವಾಗ ಏನು ಎಚ್ಚರ ವಹಿಸಬೇಕು?

ಕೊನೆಯ ದರವನ್ನು ಮಿಂಚಂಚೆಯಲ್ಲಿ ಕಳುಹಿಸಬೇಡಿ. ಲೆಕ್ಕದ ಹಾಳೆ ಒಂದು ಕಡೆ, ಅದಕ್ಕೆ ತುಂಬಬೇಕಾದ ಅಂಕಿಗಳು ಇನ್ನೊಬ್ಬರ ಬಳಿ ಇರಲಿ. ಲಕೋಟೆ ಸಲ್ಲಿಸುವ ದಿನ ಇಬ್ಬರೂ ಕೂತು ತುಂಬಿ. ಪ್ರವಾಸಕ್ಕೆ ಬೇರೆಯೇ ಲ್ಯಾಪ್‌ಟಾಪ್ ಇಟ್ಟುಕೊಳ್ಳಿ, ಅದರಲ್ಲಿ ಆ ಟೆಂಡರ್‌ಗೆ ಬೇಕಾದ ಕಡತಗಳನ್ನು ಬಿಟ್ಟು ಬೇರೇನೂ ಬೇಡ. ಹೋಟೆಲ್‌ನ ವೈಫೈ ನಂಬಬೇಡಿ. ಹೋಟೆಲ್ ಜಾಲಗಳ ಮೂಲಕವೇ ಕಂಪನಿಗಳ ಹಿರಿಯ ಅಧಿಕಾರಿಗಳನ್ನು ಗುರಿಮಾಡುತ್ತಿದ್ದ ಡಾರ್ಕ್‌ಹೋಟೆಲ್ ಎಂಬ ಗುಂಪಿನ ಬಗ್ಗೆ ಕ್ಯಾಸ್ಪರ್‌ಸ್ಕಿ ಎಂಬ ಸೈಬರ್ ಭದ್ರತಾ ಸಂಸ್ಥೆ 2014ರಲ್ಲಿ ವಿವರವಾದ ವರದಿ ಹೊರತಂದಿದೆ.

ಹೆಚ್ಚಿನವರು ಮರೆಯುವ ಒಂದು ಸಂಗತಿ ಉಂಟು. ನಿಮ್ಮ ಮಾತು ಗೂಢಲಿಪಿಯಲ್ಲಿ ಭದ್ರವಾಗಿದ್ದರೂ, ಯಾರು ಯಾರಿಗೆ ಯಾವಾಗ ಎಷ್ಟು ಬಾರಿ ಫೋನ್ ಮಾಡಿದರು ಎಂಬುದು ಹೊರಗಿನಿಂದ ಕಾಣುತ್ತದೆ. ಟೆಂಡರ್ ಮುಚ್ಚುವ ಹಿಂದಿನ ವಾರ ನೀವು ಒಂದು ಪಂಪ್ ತಯಾರಕರಿಗೆ ಪದೇ ಪದೇ ಕರೆ ಮಾಡಿ, ಇನ್ನೊಬ್ಬರಿಗೆ ಮಾಡುವುದನ್ನು ನಿಲ್ಲಿಸಿದರೆ, ನಿಮ್ಮ ಉಪಗುತ್ತಿಗೆದಾರ ಯಾರೆಂದು ತಿಳಿಯಲು ಒಂದು ಶಬ್ದವನ್ನೂ ಕೇಳಬೇಕಾಗಿಲ್ಲ. ಸಾಧ್ಯವಾದರೆ ಅಂಥ ಮಾತುಕತೆ ಮುಖಾಮುಖಿ ಮುಗಿಸಿ, ಬೇಗನೇ ಮುಗಿಸಿ.

ಪ್ರಶ್ನೆ: ಸಣ್ಣ ಹೂಡಿಕೆದಾರರು ಏನಾದರೂ ಮಾಡಲು ಸಾಧ್ಯವೇ, ಅಥವಾ ನೋಡುತ್ತಾ ಕೂರಬೇಕೇ?

ಮಾಡಲು ಸಾಧ್ಯ ಎಂಬುದಕ್ಕೆ ಪುರಾವೆ ಇದೆ. 2013ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಸರ್ಕಾರಿ ನೌಕರರ ನಿವೃತ್ತಿ ನಿಧಿ ಮತ್ತು ಟ್ರಿಲಿಯಂ ಎಂಬ ಹೂಡಿಕೆ ಸಂಸ್ಥೆ, ಎಟಿ ಆ್ಯಂಡ್ ಟಿ ಹಾಗೂ ವೆರೈಜನ್ ದೂರವಾಣಿ ಕಂಪನಿಗಳಿಗೆ ಷೇರುದಾರರ ಗೊತ್ತುವಳಿ ಸಲ್ಲಿಸಿದವು. ಸರ್ಕಾರ ಗ್ರಾಹಕರ ಮಾಹಿತಿಯನ್ನು ಎಷ್ಟು ಬಾರಿ ಕೇಳಿದೆ, ಕಂಪನಿ ಎಷ್ಟು ಬಾರಿ ಕೊಟ್ಟಿದೆ ಎಂಬುದನ್ನು ಪ್ರಕಟಿಸಿ ಎಂಬುದು ಬೇಡಿಕೆ. ಅದುವರೆಗೆ ತುಟಿ ಬಿಚ್ಚದಿದ್ದ ಎರಡೂ ಕಂಪನಿಗಳು ಡಿಸೆಂಬರ್‌ನಲ್ಲೇ ಒಪ್ಪಿಕೊಂಡವು. ವೆರೈಜನ್‌ನ ಮೊದಲ ವರದಿ ಜನವರಿಯಲ್ಲಿ ಬಂತು.

ಆ ವರದಿಗಳಿಗೂ ಮಿತಿ ಇದೆ. ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಬಂದ ಬೇಡಿಕೆಗಳ ನಿಖರ ಸಂಖ್ಯೆಯನ್ನು ಹೇಳುವಂತಿಲ್ಲ. 2014ರ ಜನವರಿಯಲ್ಲಿ ಅಮೆರಿಕದ ಸರ್ಕಾರ ಒಪ್ಪಿದ ರೀತಿಯಲ್ಲಿ 0ಯಿಂದ 999, 1,000ದಿಂದ 1,999 ಎಂಬಂಥ ಅಂತರಗಳಲ್ಲಿ ಬರೆಯಬೇಕು. ಒಂದೂ ಬೇಡಿಕೆ ಬಾರದ ಕಂಪನಿಯೂ 999 ಬೇಡಿಕೆ ಬಂದ ಕಂಪನಿಯೂ ಒಂದೇ ಸಾಲು ಬರೆಯುತ್ತವೆ. ಇಂಥ ಅಂಕಿಯಿಂದ ಹೂಡಿಕೆಯ ನಿರ್ಧಾರ ಮಾಡಲಾಗದು. ಆದರೆ ವರ್ಷದಿಂದ ವರ್ಷಕ್ಕೆ ಕಂಪನಿ ಒಂದು ಅಂತರದಿಂದ ಮೇಲಿನ ಅಂತರಕ್ಕೆ ಏರಿದರೆ ಅದು ಕಾಣುತ್ತದೆ.

ವಾರ್ಷಿಕ ವರದಿಯಲ್ಲಿ ಅಪಾಯಗಳ ಅಧ್ಯಾಯವನ್ನು ಓದಿ. ಜನ ಲಾಭದ ಪುಟ ನೋಡಿ ಮುಚ್ಚಿಬಿಡುತ್ತಾರೆ. 2022ರ ಆರಂಭದಲ್ಲಿ ಸಲ್ಲಿಸಿದ ವಾರ್ಷಿಕ ವರದಿಯಲ್ಲಿ ಮೆಟಾ, ದತ್ತಾಂಶ ಸಾಗಣೆಗೆ ಹೊಸ ವ್ಯವಸ್ಥೆ ಆಗದಿದ್ದರೆ ಯುರೋಪಿನಲ್ಲಿ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಒದಗಿಸಲು ಸಾಧ್ಯವಾಗದೆ ಹೋಗಬಹುದು ಎಂದು ಬರೆದಿತ್ತು. ಓದಿದವರಿಗೆ ಮರುವರ್ಷದ 120 ಕೋಟಿ ಯೂರೊ ದಂಡ ಅನಿರೀಕ್ಷಿತವಾಗಿರಲಿಲ್ಲ. ಅಮೆರಿಕದ ಷೇರು ನಿಯಂತ್ರಕರು 2023ರ ಜುಲೈನಲ್ಲಿ ತಂದ ನಿಯಮದ ಪ್ರಕಾರ, ಸೈಬರ್ ದಾಳಿ ಹೂಡಿಕೆದಾರರಿಗೆ ಗಣನೀಯವಾದದ್ದು ಎಂದು ಕಂಪನಿ ತೀರ್ಮಾನಿಸಿದ ನಾಲ್ಕು ಕೆಲಸದ ದಿನಗಳಲ್ಲಿ ಅದನ್ನು ಪ್ರಕಟಿಸಬೇಕು. ರಾಷ್ಟ್ರೀಯ ಭದ್ರತೆಗೋ ಸಾರ್ವಜನಿಕ ಸುರಕ್ಷತೆಗೋ ಅಡ್ಡಿಯಾಗುತ್ತದೆಂದು ಸರ್ಕಾರ ಹೇಳಿದರೆ ಮಾತ್ರ ತಡಮಾಡಬಹುದು.

ಈಗ ನಿಮ್ಮ ಫಂಡ್‌ನ ನಿರ್ವಾಹಕರಿಗೆ ಪತ್ರ ಬರೆಯಿರಿ. ನಾವು ಷೇರು ಹೊಂದಿರುವ ಕಂಪನಿಗಳ ವರಮಾನದಲ್ಲಿ ಎಷ್ಟು ಪಾಲು ಬೇರೆ ದೇಶಗಳ ಸರ್ಕಾರಿ ಖರೀದಿಯಿಂದ ಬರುತ್ತದೆ ಎಂದು ಕೇಳಿ, ಏಕೆಂದರೆ ಸಂಶಯ ಹುಟ್ಟಿದಾಗ ಮೊದಲು ನಿಲ್ಲುವುದು ಅದೇ. ಕಾರ್ಖಾನೆಯಿಂದ ಗಿರಾಕಿಯವರೆಗೆ ಸರಕಿನ ಮುದ್ರೆ ಒಡೆದಿಲ್ಲವೆಂದು ಕಂಪನಿ ಹೇಗೆ ಖಾತರಿಪಡಿಸುತ್ತದೆ ಎಂದು ಕೇಳಿ. ಸರ್ಕಾರದ ಬೇಡಿಕೆಯನ್ನು ಅದು ಎಂದಾದರೂ ನ್ಯಾಯಾಲಯದಲ್ಲಿ ಪ್ರಶ್ನಿಸಿದೆಯೇ ಎಂದೂ ಕೇಳಿ. ಒಬ್ಬರ ಪತ್ರಕ್ಕೆ ಉತ್ತರ ಬಾರದಿರಬಹುದು. ಅದೇ ಪ್ರಶ್ನೆಯನ್ನು ಹತ್ತಾರು ಹೂಡಿಕೆದಾರರು ಕಳುಹಿಸಿದರೆ, ಕಂಪನಿಯ ವಾರ್ಷಿಕ ಸಭೆಯಲ್ಲಿ ಮತ ಹಾಕುವ ಅಧಿಕಾರವಿರುವ ನಿರ್ವಾಹಕರು ಅದನ್ನು ಅಲ್ಲಿ ಎತ್ತಬೇಕಾಗುತ್ತದೆ. ಉತ್ತರ ಬಂದರೆ ಅದರ ಒಂದು ಪ್ರತಿಯನ್ನು ಈ ಅಂಕಣಕ್ಕೂ ಕಳುಹಿಸಿ.